ಪದ ಪರಿಚಯ: ಲೀಡ್ ಟ್ರಾನ್ಸ್‌ಕ್ರಿಪ್ಷನ್

ಒಂದು ಕವಿತೆ, ಅದನ್ನು ಹಾಡುವ ಒಂದು ದನಿ, ಜೊತೆಗೆ ಒಂದು ಪಿಯಾನೊ. 19ನೇ ಶತಮಾನದ ಜರ್ಮನ್ ಭಾವಗೀತೆಯ ರೂಪ ಇದು. ಹೆಸರು ಲೀಡ್. ವಿಯೆನ್ನಾದ ಸಂಗೀತಕಾರ ಫ್ರಾನ್ಜ್ ಶುಬರ್ಟ್ ಒಬ್ಬನೇ ಇಂಥ 600ಕ್ಕೂ ಹೆಚ್ಚು ಹಾಡುಗಳನ್ನು ಬರೆದ. ಈ ಹಾಡಿನ ದನಿಯನ್ನೂ ಪಿಯಾನೊ ಪಕ್ಕವಾದ್ಯವನ್ನೂ ಸೇರಿಸಿ, ಒಬ್ಬರೇ ಪಿಯಾನೊದಲ್ಲಿ ನುಡಿಸುವಂತೆ ಮತ್ತೆ ಬರೆದರೆ ಅದು ಲೀಡ್ ಟ್ರಾನ್ಸ್‌ಕ್ರಿಪ್ಷನ್.

ಪ್ಯಾರಾಫ್ರೇಸ್ ಅನ್ನುವ ಇನ್ನೊಂದು ಪದವೂ ಇದೆ. ಅಲ್ಲಿ ಒಪೆರಾದಿಂದ ನಾಲ್ಕಾರು ರಾಗದ ತುಣುಕು ಆರಿಸಿ, ಅವುಗಳ ಮೇಲೆ ಹೊಸದೇ ಒಂದು ಕೃತಿ ಕಟ್ಟುತ್ತಾರೆ. ಟ್ರಾನ್ಸ್‌ಕ್ರಿಪ್ಷನ್‌ಗೆ ಅಷ್ಟು ಸ್ವಾತಂತ್ರ್ಯ ಇಲ್ಲ. ಹಾಡು ಮೊದಲಿನಿಂದ ಕೊನೆಯವರೆಗೆ ಹಾಡಾಗಿಯೇ ಉಳಿಯಬೇಕು.

ಇದು ಕೇಳಿದಷ್ಟು ಸುಲಭ ಅಲ್ಲ. ಮೂಲದಲ್ಲೇ ಪಿಯಾನೊ ವಾದಕರ ಎರಡೂ ಕೈಗೆ ಕೆಲಸ ಇರುತ್ತದೆ. ಈಗ ಗಾಯಕರ ಪಾಲೂ ಅದೇ ಹತ್ತು ಬೆರಳಿಗೆ ಬೀಳುತ್ತದೆ. ಜೊತೆಗೆ ಪಿಯಾನೊದ ಸ್ವರ ಒತ್ತಿದ ಕ್ಷಣದಿಂದಲೇ ಕ್ಷೀಣಿಸುತ್ತದೆ. ಗಾಯಕರ ಹಾಗೆ ಒಂದೇ ಸ್ವರವನ್ನು ಹಿಡಿದು, ನಿಧಾನವಾಗಿ ದೊಡ್ಡದು ಮಾಡಲು ಬರುವುದಿಲ್ಲ.

ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ್ದು ಬೇರೆ. ಹಾಡಿನಲ್ಲಿ ಧಾಟಿ ಅದೇ ಇದ್ದರೂ ಪ್ರತಿ ನುಡಿಗೂ ಮಾತು ಬದಲಾಗುತ್ತದೆ. ಹಾಗಾಗಿ ಬೇಸರ ಬರುವುದಿಲ್ಲ. ಮಾತನ್ನೇ ತೆಗೆದುಬಿಟ್ಟರೆ? ಒಂದೇ ರಾಗ ಸುಮ್ನೆ ಮೂರು ಸಲ ಕೇಳಿದಂತೆ, ಅಲ್ವಾ? ಆಗ ಮಾತು ಮಾಡುತ್ತಿದ್ದ ಕೆಲಸವನ್ನು ಪಿಯಾನೊವೇ ಮಾಡಬೇಕು.

ಇದನ್ನು ಯಾರಿಗಿಂತಲೂ ಚೆನ್ನಾಗಿ ಅರಿತಿದ್ದವನು ಹಂಗೇರಿಯ ಪಿಯಾನೊ ವಾದಕ, ಸಂಗೀತಕಾರ ಫ್ರಾನ್ಜ್ ಲಿಸ್ಟ್ (1811–1886). ಶುಬರ್ಟ್‌ನ ‘ಔಫ್ ಡೆಮ್ ವಾಸರ್ ತ್ಸು ಸಿಂಗೆನ್’ ನೀರಿನ ಮೇಲೆ ದೋಣಿ ಸಾಗುವಾಗಿನ ಹಾಡು. ಲಿಸ್ಟ್ ಅದರ ಧಾಟಿಯನ್ನು ಮೊದಲು ತಗ್ಗಿನಲ್ಲಿ ಶುರು ಮಾಡುತ್ತಾನೆ. ನುಡಿಯಿಂದ ನುಡಿಗೆ ಅದು ಮೇಲೇರುತ್ತದೆ, ಸುತ್ತಲಿನ ಅಲೆಯೂ ದೊಡ್ಡದಾಗುತ್ತದೆ. ‘ಶ್ಟೆಂಟ್ಶೆನ್’ ಅನ್ನುವ ಪ್ರೇಮಗೀತೆಯಲ್ಲಿ ಧಾಟಿ ಮತ್ತೆ ಬಂದಾಗ ಪ್ರತಿ ಸಾಲಿಗೂ ಮೇಲಿನಿಂದ ಪ್ರತಿಧ್ವನಿ ಕೇಳುತ್ತದೆ. ಮೂಲ ಹಾಡಿನಲ್ಲೂ ಸಾಲುಗಳ ನಡುವೆ ಪಿಯಾನೊ ಗಾಯಕರಿಗೆ ಉತ್ತರ ಕೊಡುತ್ತದೆ. ಲಿಸ್ಟ್ ಆ ಸುಳಿವನ್ನೇ ಹಿಡಿದು ಬೆಳೆಸಿದ್ದಾನೆ. ‘ಆವೇ ಮರಿಯಾ’ದಲ್ಲಂತೂ ಧಾಟಿ ನಡುವಿನ ಸ್ಥಾಯಿಯಲ್ಲಿದೆ. ಎರಡೂ ಕೈಗಳು ಅದನ್ನು ಹಂಚಿಕೊಂಡು ನುಡಿಸುತ್ತವೆ, ಉಳಿದ ಬೆರಳು ಸುತ್ತಲೂ ಓಡಾಡುತ್ತವೆ. ಕಣ್ಣು ಮುಚ್ಚಿ ಕೇಳಿದರೆ ಮೂರು ಕೈ ಇವೆ ಅನಿಸುತ್ತದೆ.

‘ಎರ್ಲ್‌ಕ್ಯೋನಿಗ್’ ಇನ್ನೂ ಕಠಿಣ. ಜರ್ಮನ್ ಕವಿ ಗಯಟೆಯ ಕವಿತೆಗೆ ಶುಬರ್ಟ್ ಇದನ್ನು 1815ರಲ್ಲಿ ಬರೆದ, ಆಗ ಆತನಿಗೆ 18 ವರ್ಷ. ರಾತ್ರಿ, ಓಡುವ ಕುದುರೆ, ಜ್ವರದ ಮಗುವನ್ನು ಅಪ್ಪಿಕೊಂಡ ತಂದೆ, ಮಗುವನ್ನು ಕರೆಯುವ ಮಾಯಾವಿ. ನಿರೂಪಕನೂ ಸೇರಿ ನಾಲ್ಕು ಪಾತ್ರ. ಬಲಗೈಯ ನಿಲ್ಲದ ಕುದುರೆ ಓಟವೇ ಮಣಿಕಟ್ಟನ್ನು ಸೋಲಿಸುವಂಥದ್ದು. ಅದರ ನಡುವೆ ಈ ನಾಲ್ವರನ್ನೂ ಬೇರೆ ಬೇರೆಯಾಗಿ ಕೇಳಿಸಬೇಕು.

ಲಿಸ್ಟ್ ತನ್ನ ಟ್ರಾನ್ಸ್‌ಕ್ರಿಪ್ಷನ್‌ಗಳಲ್ಲಿ ಕವಿತೆಯ ಸಾಲುಗಳನ್ನೂ ಸ್ವರಗಳ ಜೊತೆಗೇ ಅಚ್ಚು ಹಾಕಿಸಲು ಬಯಸಿದ್ದ. ಯಾರೂ ಹಾಡದಿದ್ದರೂ ವಾದಕರಿಗೆ ಮಾತು ಗೊತ್ತಿರಬೇಕು ಅನ್ನುವುದು ಆತನ ನಿಲುವು. ಇದು ನನಗೆ ತುಂಬಾ ಸರಿ ಅನಿಸುತ್ತದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಪದಕ್ಕೆ ಒತ್ತು, ಇವೆಲ್ಲ ಕವಿತೆಯಲ್ಲೇ ಇವೆ.

ಇದರ ಉಪಯೋಗವೂ ದೊಡ್ಡದು. ಶುಬರ್ಟ್ 1828ರಲ್ಲಿ, 31ನೇ ವಯಸ್ಸಿಗೇ ತೀರಿಕೊಂಡ. ರೆಕಾರ್ಡಿಂಗ್ ಇಲ್ಲದ ಕಾಲ. ಲಿಸ್ಟ್ ಊರೂರು ಸುತ್ತಿ ಈ ಹಾಡುಗಳನ್ನು ನುಡಿಸಿದ್ದರಿಂದ ವಿಯೆನ್ನಾದ ಆಚೆಗೂ ಅವು ಜನಕ್ಕೆ ತಲುಪಿದವು.

ಹಾಗಂತ ಲಿಸ್ಟ್‌ನದೇ ಕೊನೆಯ ಮಾತಲ್ಲ. ರಷ್ಯದ ಸಂಗೀತಕಾರ ರಖ್ಮಾನಿನೊಫ್ ತನ್ನದೇ ರಷ್ಯನ್ ಹಾಡುಗಳಾದ ‘ಲೈಲಾಕ್ಸ್’, ‘ಡೇಯ್ಸೀಸ್’ ಎರಡನ್ನೂ ಪಿಯಾನೊಗೆ ತಂದ. ಜರ್ಮನ್ ಸಂಗೀತಕಾರ ರಾಬರ್ಟ್ ಶೂಮನ್ 1840ರಲ್ಲಿ, ಮದುವೆಯಾದ ವರ್ಷ, ಹೆಂಡತಿ ಕ್ಲಾರಾಗೆ ಉಡುಗೊರೆಯಾಗಿ ಕೊಟ್ಟ ಹಾಡುಗಳಲ್ಲಿ ‘ವಿಡ್ಮುಂಗ್’ ಒಂದು. ಲಿಸ್ಟ್ ಅದನ್ನು ಹಿಗ್ಗಿಸಿ, ಕೊನೆಗೆ ಭರ್ಜರಿಯಾಗಿ ಮುಗಿಸುತ್ತಾನೆ. ಕಛೇರಿಗಳಲ್ಲಿ ಜಾಸ್ತಿ ಕೇಳಿಸುವುದು ಅದೇ. ಸ್ವತಃ ದೊಡ್ಡ ಪಿಯಾನೊ ವಾದಕಿಯಾಗಿದ್ದ ಕ್ಲಾರಾ ಗಂಡನ 30 ಹಾಡುಗಳನ್ನು ಪಿಯಾನೊಗೆ ಬರೆದಳು. ಅವುಗಳಲ್ಲಿ ಆಡಂಬರ ಇಲ್ಲ, ಮೂಲವನ್ನು ಬಿಟ್ಟು ದೂರ ಹೋಗುವುದಿಲ್ಲ. ಲಿಸ್ಟ್‌ನದನ್ನು ಕೇಳಿದಾಗ ವಾದಕರ ಮೇಲೆ ಗಮನ ಹೋಗುತ್ತದೆ. ಕ್ಲಾರಾಳದನ್ನು ಕೇಳುವಾಗ ನನಗೆ ಹಾಡೇ ಕೇಳಿಸುತ್ತದೆ.