ಜೇನುತುಪ್ಪ ಮಾಡೋದು ಹುಳ, ಬಹುಮಾನ ಯಾಕೆ ಮನುಷ್ಯನಿಗೆ?

ಪ್ರಶ್ನೆ: ತುಪ್ಪ ಮಾಡೋದು ಜೇನುಹುಳ, ರುಚಿ ಬರೋದು ಹೂವಿನಿಂದ. ಹಾಗಿದ್ದ ಮೇಲೆ ವಿದೇಶಗಳ ಜೇನುತುಪ್ಪದ ಸ್ಪರ್ಧೆಗಳಲ್ಲಿ ಸಾಕುವವರಿಗೆ ಯಾಕೆ ಬಹುಮಾನ? ಏನು ನೋಡಿ ಕೊಡ್ತಾರೆ?

ಉತ್ತರ: ಹುಳದ ಕೆಲಸ ಪೆಟ್ಟಿಗೆಯೊಳಗೇ ಮುಗಿಯುತ್ತದೆ. ಅಲ್ಲಿಂದ ಮುಚ್ಚಳ ಬಿಗಿಯುವವರೆಗೆ ತುಪ್ಪವನ್ನು ಹಾಳುಮಾಡುವ ಅವಕಾಶವೆಲ್ಲ ಮನುಷ್ಯನದ್ದೇ. ಹುಳ ಕೊಟ್ಟದ್ದನ್ನು ನೀವು ಎಷ್ಟು ಕೆಡಿಸದೆ ಬಾಟಲಿಗೆ ತಂದಿದ್ದೀರಿ ಎಂಬುದೇ ಸ್ಪರ್ಧೆ.

ಬ್ರಿಟನ್ನಿನ ನ್ಯಾಷನಲ್ ಹನಿ ಶೋವನ್ನೇ ನೋಡಿ. 1923ರಲ್ಲಿ ಶುರುವಾದದ್ದು. ಈಗ ಲಂಡನ್ನಿನ ಹತ್ತಿರ ಸ್ಯಾಂಡೌನ್ ಪಾರ್ಕ್ ಎಂಬ ಕುದುರೆ ರೇಸಿನ ಜಾಗದಲ್ಲಿ, ಅಕ್ಟೋಬರಿನಲ್ಲಿ ಮೂರು ದಿನ ನಡೆಯುತ್ತದೆ. ಒಂದು ಕಡೆ ಉಪನ್ಯಾಸ, ಒಂದು ಕಡೆ ಪೆಟ್ಟಿಗೆ, ಮುಸುಕು ಮಾರುವ ಅಂಗಡಿಗಳು, ಇನ್ನೊಂದು ಕಡೆ ಸ್ಪರ್ಧೆಯ ಮೇಜುಗಳು. ತುಪ್ಪವಷ್ಟೇ ಅಲ್ಲ, ಮೇಣದ ಅಚ್ಚು, ಮೇಣದಬತ್ತಿ, ಮೀಡ್ ಎಂಬ ಜೇನಿನ ಮದ್ಯ, ಜೇನಿನ ಕೇಕು, ಎಲ್ಲಕ್ಕೂ ಬೇರೆ ಬೇರೆ ವಿಭಾಗ. ಕೇಕಿಗೆ ಏನೇನು ಎಷ್ಟೆಷ್ಟು ಹಾಕಬೇಕು ಅನ್ನೋದನ್ನೂ ಅವರೇ ಬರೆದು ಕೊಡುತ್ತಾರೆ. ನಿಮ್ಮ ಅಜ್ಜಿಯ ಕೈರುಚಿ ಅಲ್ಲಿ ನಡೆಯೋದಿಲ್ಲ!

ತುಪ್ಪದ ವಿಭಾಗದಲ್ಲಿ ಸಾಮಾನ್ಯವಾಗಿ ಒಂದು ಪೌಂಡಿನ, ಅಂದರೆ 454 ಗ್ರಾಂ ಹಿಡಿಯುವ ಎರಡು ಗಾಜಿನ ಬಾಟಲಿ ಇಡಬೇಕು. ಎರಡೂ ಥೇಟ್ ಒಂದೇ ಥರ ಇರಬೇಕು. ಬಾಟಲಿಯ ಮೇಲೆ ಹೆಸರಿಲ್ಲ, ಬರೀ ನಂಬರು. ಬಿಳಿ ಕೋಟು ಹಾಕಿದ ತೀರ್ಪುಗಾರರು ಬಂದು ಮೊದಲು ಬಣ್ಣ ನೋಡುತ್ತಾರೆ. ತಿಳಿ, ಮಧ್ಯಮ, ಗಾಢ ಅಂತ ಮೂರು ವಿಭಾಗ ಇರುತ್ತವೆ. ಗಡಿ ಗುರುತಿಸೋಕೆ ಬಣ್ಣದ ಗಾಜಿನ ತುಂಡು ಪಕ್ಕದಲ್ಲಿ ಹಿಡಿದು ಹೋಲಿಸುತ್ತಾರೆ. ಮಧ್ಯಮದ ತುಪ್ಪವನ್ನು ತಿಳಿಯ ಸಾಲಿನಲ್ಲಿಟ್ಟರೆ ಮುಗೀತು. ಎನ್‌ಎಎಸ್ ಅಂತ ಬರೆದು ಪಕ್ಕಕ್ಕಿಡುತ್ತಾರೆ. ನಿಯಮದ ಪ್ರಕಾರ ಇಲ್ಲ ಅಂತ ಅದರ ಅರ್ಥ. ಆಮೇಲೆ ಆ ತುಪ್ಪ ಎಷ್ಟೇ ರುಚಿಯಾಗಿದ್ದರೂ ಯಾರೂ ನೆಕ್ಕಿ ನೋಡೋದಿಲ್ಲ.

ಆಮೇಲೆ ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತಾರೆ. ಮುಚ್ಚಳಕ್ಕೂ ತುಪ್ಪಕ್ಕೂ ನಡುವೆ ಬೆಳಕು ಕಂಡರೆ ತುಂಬಿದ್ದು ಕಡಿಮೆಯಾಯಿತು ಅಂತ ಲೆಕ್ಕ. ಟಾರ್ಚ್ ಬಿಟ್ಟು ಹುಡುಕುತ್ತಾರೆ: ಮೇಣದ ಚೂರು, ಸೋಸಿದ ಬಟ್ಟೆಯ ಎಳೆ, ಸಣ್ಣ ಗುಳ್ಳೆ, ಹರಳು. ಬಾಟಲಿ ಬೋರಲು ಮಾಡಿ ಗಾಳಿಗುಳ್ಳೆ ಎಷ್ಟು ನಿಧಾನಕ್ಕೆ ಏಳುತ್ತದೆ ಅಂತ ನೋಡುತ್ತಾರೆ. ನಿಧಾನವಾದಷ್ಟೂ ತುಪ್ಪ ಗಟ್ಟಿ. ಇಷ್ಟರಲ್ಲಿ ಅರ್ಧಕ್ಕರ್ಧ ಬಾಟಲಿಗಳು ಹಿಂದೆ ಬಿದ್ದಿರಬಹುದು. ಮುಚ್ಚಳ ತೆಗೆಯೋದು ಅದಾದ ಮೇಲೆ. ತೆಗೆದ ಕೂಡಲೇ ಮೂಗು ಹತ್ತಿರ ಒಯ್ಯುತ್ತಾರೆ, ಯಾಕೆಂದರೆ ಪರಿಮಳ ಜೋರಾಗಿ ಬರೋದು ಆ ಮೊದಲ ಕ್ಷಣದಲ್ಲೇ. ಮುಚ್ಚಳದ ಒಳಗಡೆ ತುಪ್ಪ ಮೆತ್ತಿದೆಯಾ ಅಂತಲೂ ನೋಡುತ್ತಾರೆ. ನಾಲಿಗೆಯ ಸರದಿ ಎಲ್ಲಕ್ಕಿಂತ ಕೊನೆಗೆ.

ಇಷ್ಟೊಂದು ಮಡಿ ಯಾಕೆ ಅಂತ ನನಗೂ ಅನಿಸಿತ್ತು. ಅದಕ್ಕೊಂದು ಹಳೇ ಕಾರಣ ಇದೆ. ಮೊದಲು ಅಲ್ಲೂ ಎರಿಯನ್ನು, ಅಂದರೆ ಹುಳ ಕಟ್ಟಿದ ಮೇಣದ ಹುಟ್ಟನ್ನು, ಹಿಂಡಿಯೇ ತುಪ್ಪ ತೆಗೆಯುತ್ತಿದ್ದರು. ನಮ್ಮಲ್ಲಿ ಹೆಜ್ಜೇನಿನ ಎರಿ ಹಿಂಡಿದ್ದು ನೋಡಿದವರಿಗೆ ಗೊತ್ತು: ಮೇಣ, ಪರಾಗ, ಒಮ್ಮೊಮ್ಮೆ ಮರಿಹುಳದ ರಸವೂ ಸೇರಿ ತುಪ್ಪ ಮಂಕಾಗುತ್ತದೆ, ಬೇಗ ಹುಳಿಯುತ್ತದೆ. 1865ರಲ್ಲಿ ಫ್ರಾಂಜ್ ಹ್ರುಷ್ಕಾ ಎಂಬ ಸೈನ್ಯಾಧಿಕಾರಿ ಎರಿಯನ್ನು ತಿರುಗಿಸಿ ತುಪ್ಪ ತೆಗೆಯುವ ಯಂತ್ರ ತೋರಿಸಿದ. ಎರಿ ಒಡೆಯದೆ ತಿಳಿ ತುಪ್ಪ ಸಿಗತೊಡಗಿತು, ಖಾಲಿ ಎರಿಯನ್ನು ಹುಳಗಳಿಗೇ ವಾಪಸ್ ಕೊಡಬಹುದಾಯಿತು. ಬ್ರಿಟನ್ನಿನ ಜೇನು ಸಾಕಣೆದಾರರ ಸಂಘ ಹುಟ್ಟಿದ್ದು 1874ರಲ್ಲಿ. ಹೊಸ ಪೆಟ್ಟಿಗೆ, ಹೊಸ ಪದ್ಧತಿಯನ್ನು ಹಳ್ಳಿಗಳಿಗೆ ಮುಟ್ಟಿಸೋಕೆ ಆ ಕಾಲದ ಪ್ರದರ್ಶನಗಳು ಒಳ್ಳೆಯ ದಾರಿಯಾದವು. ಹೊಳೆಯುವ ತಿಳಿ ತುಪ್ಪ ಅಂದರೆ ಹಿಂಡದೆ ತೆಗೆದದ್ದು ಎಂಬುದಕ್ಕೆ ಸಾಕ್ಷಿ. ಆ ಗುರುತೇ ಇವತ್ತಿಗೂ ಅಂಕಗಳಲ್ಲಿ ಕೂತಿದೆ.

ಅಂಕಕ್ಕಾಗಿ ಮಾಡುವ ಕಸರತ್ತುಗಳೂ ಇವೆ. ಪಾತ್ರೆಯಲ್ಲಿ ತಿಳಿಯಾಗಲು ಬಿಟ್ಟ ತುಪ್ಪದ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಮೆಲ್ಲಗೆ ಎಳೆದರೆ ನೊರೆಯೆಲ್ಲ ಅದಕ್ಕಂಟಿ ಬರುತ್ತದೆ. ಕಣ್ಣಿಗೆ ಕಾಣದ ಹರಳು ಕರಗಲಿ ಅಂತ ಸ್ವಲ್ಪ ಬಿಸಿ ಮಾಡುವವರೂ ಇದ್ದಾರೆ. ಬಿಸಿ ಜಾಸ್ತಿಯಾದರೆ ಮಾತ್ರ ಪರಿಮಳ ಹೋಯಿತು, ಬಣ್ಣವೂ ಕಪ್ಪಾಯಿತು. ಕಣ್ಣಿನ ಅಂಕಕ್ಕೆ ಓಡಿ ಮೂಗಿನ ಅಂಕ ಕಳೆದುಕೊಂಡ ಹಾಗೆ.

ನಮ್ಮವರಿಗೆ ಆಶ್ಚರ್ಯ ಆಗೋದು ಗಟ್ಟಿಯಾದ ತುಪ್ಪದ ವಿಭಾಗ ನೋಡಿದಾಗ. ಇಲ್ಲಿ ತುಪ್ಪ ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದಾರೆ ಅಂತ ಅಂಗಡಿಗೆ ಹೋಗಿ ಜಗಳ ಮಾಡ್ತೇವೆ, ಅಲ್ವಾ? ಅಲ್ಲಿ ಅದಕ್ಕೇ ಬಹುಮಾನ. ಗ್ಲುಕೋಸ್ ಜಾಸ್ತಿ ಇರುವ ಶುದ್ಧ ತುಪ್ಪ ತಾನಾಗೇ ಗಟ್ಟಿಯಾಗುತ್ತದೆ. ಹರಳು ಎಷ್ಟು ಸಣ್ಣದು ಅನ್ನೋದೇ ಮುಖ್ಯ. ಅಮೆರಿಕದ ಎಲ್ಟನ್ ಡೈಸ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಇದಕ್ಕೊಂದು ದಾರಿ ಹುಡುಕಿದರು. ನುಣ್ಣಗಿನ ಹರಳಿನ ಸ್ವಲ್ಪ ತುಪ್ಪವನ್ನು ತಿಳಿ ತುಪ್ಪಕ್ಕೆ ಬೆರೆಸಿ 14 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿಟ್ಟರೆ, ಮೊಸರಿಗೆ ಹೆಪ್ಪು ಹಾಕಿದಂತೆ ಎಲ್ಲವೂ ಅದೇ ನುಣುಪಿಗೆ ಬರುತ್ತದೆ.

ನಾವು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ತುಪ್ಪ ಅಲ್ಲಿ ಗೆಲ್ಲುತ್ತದಾ? ಪರಿಮಳಕ್ಕೆ ಗೆಲ್ಲಬಹುದು, ತೊಂದರೆ ನೀರಿನಂಶದ್ದು. ಮಲೆನಾಡಿನ ತೇವದಲ್ಲಿ ಅದು ಎಷ್ಟೋ ಸಲ ಶೇ. 20 ದಾಟುತ್ತದೆ. ನಮ್ಮ ಆಹಾರ ಸುರಕ್ಷತಾ ನಿಯಮದ ಮಿತಿಯೂ ಅಷ್ಟೇ. ಹುಳಗಳು ಎರಿಯ ಕೋಣೆಗಳಿಗೆ ಮೇಣದ ಮುಚ್ಚಳ ಹಾಕುವ ತನಕ ಕಾದರೆ ನೀರು ಸಾಕಷ್ಟು ಇಳಿಯುತ್ತದೆ. ಆತುರಕ್ಕೆ ತೆಗೆದ ತುಪ್ಪ ಮುಂದೆ ನೊರೆ ಬಂದು ಹುಳಿಯುತ್ತದೆ. ರಿಫ್ರಾಕ್ಟೋಮೀಟರ್ ಎಂಬ ಕೈಯಲ್ಲಿ ಹಿಡಿಯುವ ಕೊಳವೆಗೆ ಒಂದು ಹನಿ ಹಾಕಿ ಬೆಳಕಿಗೆ ಹಿಡಿದರೆ ನೀರಿನಂಶ ಎಷ್ಟು ಅಂತ ಅಲ್ಲೇ ಓದಬಹುದು. ಸಾಕುವವರು ಒಂದು ಇಟ್ಟುಕೊಳ್ಳೋದು ಒಳ್ಳೇದು.

ಈ ಟಾರ್ಚು, ಮೂಗು, ನಾಲಿಗೆ ಯಾವುದಕ್ಕೂ ಸಿಗದ ಕಳ್ಳ ಒಬ್ಬನಿದ್ದಾನೆ: ಸಕ್ಕರೆ ಪಾಕ. ಮೆಕ್ಕೆಜೋಳ, ಕಬ್ಬಿನ ಪಾಕವನ್ನು ಇಂಗಾಲದ ಬಗೆ ನೋಡುವ ಲ್ಯಾಬ್ ಪರೀಕ್ಷೆ ಹಿಡಿಯುತ್ತದೆ, ಅಕ್ಕಿಯ ಪಾಕ ಅದರಿಂದಲೂ ತಪ್ಪಿಸಿಕೊಳ್ಳುತ್ತದೆ. ಜೇನು ಸಾಕಣೆದಾರರ ಅಂತರರಾಷ್ಟ್ರೀಯ ಒಕ್ಕೂಟ ಅಪಿಮೊಂಡಿಯಾ ತನ್ನ 2025ರ ಕೋಪನ್‌ಹೇಗನ್ ಸಮ್ಮೇಳನದಲ್ಲಿ ತುಪ್ಪಕ್ಕೆ ಬಹುಮಾನ ಕೊಡೋದನ್ನೇ ಕೈಬಿಟ್ಟದ್ದು ಇದಕ್ಕೇ. ಬಂದದ್ದನ್ನೆಲ್ಲ ಸರಿಯಾಗಿ ಪರೀಕ್ಷಿಸೋಕೆ ಆಗದು ಅಂತ ಅವರೇ ಒಪ್ಪಿಕೊಂಡರು. ಜೇನಿನ ಸಮ್ಮೇಳನದಲ್ಲಿ ಜೇನುತುಪ್ಪಕ್ಕೇ ಬಹುಮಾನ ಇಲ್ಲ! ನನಗೆ ಅದು ಪ್ರಾಮಾಣಿಕ ನಿರ್ಧಾರ ಅನಿಸಿತು. ಊರ ಮಟ್ಟದ ಪ್ರದರ್ಶನಗಳಿಗೆ ಈ ತಲೆನೋವು ಕಡಿಮೆ. ತುಪ್ಪ ಸ್ವಂತ ಹುಳಗಳದ್ದೇ ಆಗಿರಬೇಕು ಎಂಬ ನಿಯಮ ಇರುತ್ತದೆ, ಬಹುಮಾನದ ದುಡ್ಡೂ ಅಷ್ಟಕ್ಕಷ್ಟೆ. ಅದಕ್ಕಾಗಿ ಪಾಕ ಬೆರೆಸಿ ಯಾರಿಗೂ ಲಾಭ ಇಲ್ಲ.