ಹೆಲ್ಮೆಟ್ ಹಾಕಿದರೆ ಜಾಯಿಂಟೇ ಕಾಣಲ್ಲ, ಯಾವುದು ತಗೊಳ್ಳಲಿ?

ಪ್ರಶ್ನೆ: "ಅಣ್ಣಾ, ಇಪ್ಪತ್ತು ವರ್ಷದಿಂದ ಕೈಯಲ್ಲಿ ಸ್ಕ್ರೀನ್ ಹಿಡಿದೇ ವೆಲ್ಡಿಂಗ್ ಮಾಡಿದೀನಿ. ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೈಲರ್ ಎಲ್ಲಾ. ಹೋದ ತಿಂಗಳು ಆಟೋ ಹೆಲ್ಮೆಟ್ ತಗೊಂಡೆ, ವೆಲ್ಡಿಂಗ್ ಬೆಂಕಿ ಹತ್ತಿದ ತಕ್ಷಣ ಗ್ಲಾಸ್ ತಾನೇ ಕಪ್ಪಾಗುತ್ತಲ್ಲ, ಅದು. ಹಾಕ್ಕೊಂಡ್ರೆ ಬೆಂಕಿ ಒಂದೇ ಕಾಣುತ್ತೆ, ಜಾಯಿಂಟ್ ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ಇದನ್ನ ಬಿಟ್ಟು ಇನ್ನೂ ಒಳ್ಳೇದು ತಗೊಳ್ಳೋಣ ಅಂತಿದೀನಿ. ಕೆಲಸ ಚೆನ್ನಾಗಿ ಕಾಣ್ಬೇಕು ಅಂದ್ರೆ ಯಾವುದು ತಗೊಳ್ಳಲಿ?" (ಗುಬ್ಬಿ ತಾಲ್ಲೂಕಿನ ಒಬ್ಬ ಓದುಗರು)

ಮೊದಲು ಜೇಬಿಗೆ ಕೈ ಹಾಕಬೇಡಿ ಅಣ್ಣ. ಈಗಿರೋ ಹೆಲ್ಮೆಟ್ಟಿನ ಪಕ್ಕದಲ್ಲಿ, ಇಲ್ಲವೇ ಒಳಗಡೆ ಒಂದು ತಿರುಗಿಸೋ ನಾಬ್ ಇರುತ್ತೆ. ಅದರ ಸುತ್ತ 9ರಿಂದ 13ರವರೆಗೆ ನಂಬರ್ ಬರೆದಿರುತ್ತೆ, ಗ್ಲಾಸ್ ಎಷ್ಟು ಕಪ್ಪಾಗಬೇಕು ಅನ್ನೋ ಲೆಕ್ಕ. ಅದು ಈಗ ಎಲ್ಲಿದೆ ನೋಡಿ.

ಯಾಕೆ ಕೇಳಿದೆ ಅಂದ್ರೆ, ಅಂತರಸನಹಳ್ಳಿ ಕಡೆ ಇರುವ ನಮ್ಮ ಶೆಡ್ಡಿನಲ್ಲೂ ಇದೇ ಕಥೆ ಆಯ್ತು. ಕೆಲಸಕ್ಕಿದ್ದ ಹುಡುಗ ಹೊಸ ಹೆಲ್ಮೆಟ್ ಹಾಕ್ಕೊಂಡು ಕಿಟಕಿ ಗ್ರಿಲ್ ಮಾಡ್ತಿದ್ದ. 12 ನಂಬರ್ ರಾಡ್ (ಇದು ರಾಡಿನ ದಪ್ಪದ ನಂಬರ್, ನಂಬರ್ ಇಳಿದಷ್ಟೂ ರಾಡ್ ದಪ್ಪ), ಮೆಷಿನ್ನಿನಲ್ಲಿ 75 ಆಂಪ್. ಬೀಡು, ಅಂದ್ರೆ ವೆಲ್ಡಿಂಗ್ ಗೆರೆ, ಹಾವು ಹೋದ ಹಾಗೆ ಜಾಯಿಂಟ್ ಬಿಟ್ಟು ಆಚೆ ಈಚೆ ಹೋಗಿತ್ತು. "ಅಣ್ಣ, ಹೆಲ್ಮೆಟ್ ಸರಿಯಿಲ್ಲ" ಅಂದ. ಇಸ್ಕೊಂಡು ನೋಡಿದರೆ ನಾಬ್ 13ರ ಮೇಲಿದೆ. ಪೆಟ್ಟಿಗೆಯಿಂದ ತೆಗೆದಾಗ ಹೇಗಿತ್ತೋ ಹಾಗೇ. 10ಕ್ಕೆ ತಿರುಗಿಸಿ ಕೊಟ್ಟೆ. ಅರ್ಧ ರಾಡ್ ಉರಿಸಿ ಹೆಲ್ಮೆಟ್ ಎತ್ತಿ ನಕ್ಕ.

ಈ ನಂಬರುಗಳ ಲೆಕ್ಕ ಸ್ವಲ್ಪ ಮೋಸದ್ದು. 10ಕ್ಕೂ 11ಕ್ಕೂ ಒಂದೇ ತಾನೇ ವ್ಯತ್ಯಾಸ ಅನ್ನಿಸುತ್ತೆ, ಅಲ್ವಾ? ಆದರೆ ಒಂದೊಂದು ನಂಬರ್ ಮೇಲೆ ಹೋದ ಹಾಗೂ ಒಳಗೆ ಬರೋ ಬೆಳಕು ಸುಮಾರು 2.7 ಪಟ್ಟು ಕಮ್ಮಿ ಆಗುತ್ತೆ. 10ರಿಂದ 12ಕ್ಕೆ ಹೋದರೆ ಏಳು ಪಟ್ಟು ಕಮ್ಮಿ. 13ಕ್ಕೆ ಹೋದರೆ ಹತ್ತೊಂಬತ್ತು ಪಟ್ಟು. 75 ಆಂಪಿನ ಸಣ್ಣ ಆರ್ಕನ್ನು (ವೆಲ್ಡಿಂಗ್ ಬೆಂಕಿಯನ್ನು) 13ರಲ್ಲಿ ನೋಡೋದು ಅಂದ್ರೆ ಅಮಾವಾಸ್ಯೆ ರಾತ್ರಿ ತೋಟದಲ್ಲಿ ಬಿದ್ದ ಬೀಗದ ಕೈ ಹುಡುಕಿದ ಹಾಗೆ.

ಹಾಗಾದ್ರೆ ಎಷ್ಟಿಡಬೇಕು? ರಾಡ್ ವೆಲ್ಡಿಂಗಿನಲ್ಲಿ 60ರಿಂದ 160 ಆಂಪಿಗೆ 10 ಸರಿಯಾದ ಜಾಗ. 12 ನಂಬರ್, 10 ನಂಬರ್ ರಾಡಿನ ಕೆಲಸ ಎಲ್ಲಾ ಇದರೊಳಗೇ ಬಂತು. ಟ್ರೈಲರ್ ಚಾಸಿಗೆ 8 ನಂಬರ್ ರಾಡ್ ಹಾಕಿ 160 ದಾಟಿದರೆ 12ರಿಂದ ಶುರು ಮಾಡಿ, ಕಾಣದಿದ್ದರೆ ಒಂದೊಂದೇ ಇಳಿಸಿ, 10ಕ್ಕಿಂತ ಕೆಳಗೆ ಬೇಡ. ಗ್ಯಾಸ್ ಬಿಟ್ಟು ತಂತಿಯಲ್ಲಿ ಮಾಡೋ ಸಿಒ2 ವೆಲ್ಡಿಂಗ್ ಆದರೆ ಅದೇ ಆಂಪಿಗೆ ಆರ್ಕ್ ಬೆಳಕು ಜಾಸ್ತಿ, 11 ಇಡಿ. ಟಿಗ್ ಅನ್ನೋ ಆರ್ಗಾನ್ ವೆಲ್ಡಿಂಗಿನಲ್ಲಿ 50 ಆಂಪಿನ ಒಳಗೆ 10, ಅದರ ಮೇಲೆ 150ರವರೆಗೆ 12. ಯಾವ ಕೆಲಸಕ್ಕೇ ಆಗಲಿ, ಕಪ್ಪು ಜಾಸ್ತಿ ಇರೋ ಕಡೆಯಿಂದ ಶುರು ಮಾಡಿ ಇಳಿಸ್ತಾ ಬನ್ನಿ. ಕರಗಿದ ಲೋಹದ ಅಂಚು, ಅದರ ಮುಂದಿನ ಜಾಯಿಂಟ್, ಎರಡೂ ಕಂಡ ತಕ್ಷಣ ನಿಲ್ಲಿಸಿ. ಬೆಳಗಿಂದ ಸಂಜೆವರೆಗೆ ಕೆಲಸ ಮಾಡಿದ ಮೇಲೆ ಕಣ್ಣು ಸೋತ ಹಾಗೆ ಅನ್ನಿಸಿದರೆ ಒಂದು ನಂಬರ್ ಏರಿಸಿ.

"ಕಪ್ಪು ಜಾಸ್ತಿ ಇದ್ರೆ ಕಣ್ಣಿಗೆ ಒಳ್ಳೇದು" ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಅದು ಅರ್ಧ ಸುಳ್ಳು. ಕಣ್ಣನ್ನು ಹೆಚ್ಚಾಗಿ ಸುಡೋದು ಕಾಣುವ ಬೆಳಕಲ್ಲ, ಕಾಣದ ನೇರಳಾತೀತ ಕಿರಣ. ಸರಿಯಾದ ಆಟೋ ಹೆಲ್ಮೆಟ್ಟಿನಲ್ಲಿ ಅದನ್ನು ತಡೆಯೋಕೆ ಬೇರೆಯೇ ಒಂದು ಪದರ ಇರುತ್ತೆ. ನಾಬ್ 9ರಲ್ಲಿರಲಿ, 13ರಲ್ಲಿರಲಿ, ಬ್ಯಾಟರಿ ಸತ್ತೇ ಹೋಗಿರಲಿ, ಆ ಪದರ ತನ್ನ ಕೆಲಸ ಮಾಡ್ತಾನೇ ಇರುತ್ತೆ. ಕಪ್ಪು ಜಾಸ್ತಿ ಮಾಡಿಕೊಂಡವನು ಕೊನೆಗೆ ಏನು ಮಾಡ್ತಾನೆ? ಕಾಣಲ್ಲ ಅಂತ ಹೆಲ್ಮೆಟ್ ಸ್ವಲ್ಪ ಎತ್ತಿ ಕೆಳಗಿಂದ ಇಣುಕ್ತಾನೆ. ಅಲ್ಲಿಗೆ ಎಲ್ಲಾ ಮುಗೀತು.

ನಾಬ್ ಸರಿ ಇದ್ದರೂ ಕಾಣ್ತಿಲ್ಲ ಅಂದ್ರೆ ಮುಂದಿನ ಬಿಳಿ ಗ್ಲಾಸ್ ಬಿಚ್ಚಿ. ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು ನೋಡಿ. ಸಾಸಿವೆ ಸಿಡಿದ ಹಾಗೆ ಕಿಡಿಯ ಚುಕ್ಕೆಗಳು, ಗ್ರೈಂಡರ್ ಧೂಳು, ಬಟ್ಟೆಯಲ್ಲಿ ಒರೆಸಿ ಒರೆಸಿ ಎದ್ದ ಗೀರು. ಆರ್ಕ್ ಬೆಳಕು ಆ ಒಂದೊಂದು ಗೀರಿಗೂ ತಾಗಿ ಚದುರಿ ಮುಂದೆ ಮಂಜು ಕವಿದ ಹಾಗೆ ಮಾಡುತ್ತೆ. ಸಾವಿರಾರು ರೂಪಾಯಿ ಹೆಲ್ಮೆಟ್ಟಿಗೆ ಚಿಲ್ಲರೆ ಕಾಸಿನ ಗ್ಲಾಸ್ ಬದಲಾಯಿಸದೆ ಒದ್ದಾಡೋರನ್ನ ದಿನಾ ನೋಡ್ತೀನಿ. ಒಳಗಡೆ, ಮುಖದ ಕಡೆಗೂ ಒಂದು ತೆಳು ಬಿಳಿ ಪ್ಲಾಸ್ಟಿಕ್ ಇರುತ್ತೆ, ಅದನ್ನು ಯಾರೂ ನೋಡೋದೇ ಇಲ್ಲ. ಹೊಸ ಹೆಲ್ಮೆಟ್ ಆದರೆ ಅಂಗಡಿಯವರು ಅಂಟಿಸಿ ಕೊಟ್ಟ ತೆಳು ಹಾಳೆ ಕಿತ್ತಿದೀರಾ ಅಂತಲೂ ನೋಡಿಕೊಳ್ಳಿ. ನಗಬೇಡಿ, ಆ ಹಾಳೆ ಇಟ್ಟುಕೊಂಡೇ ತಿಂಗಳುಗಟ್ಟಲೆ ಕೆಲಸ ಮಾಡಿದೋರು ನನಗೆ ಗೊತ್ತು.

ಇನ್ನೊಂದು ಕಳ್ಳ ಬೆನ್ನ ಹಿಂದೆ ಇರ್ತಾನೆ. ನಮ್ಮ ಶೆಡ್ಡುಗಳೆಲ್ಲ ಒಂದು ಕಡೆ ಪೂರ್ತಿ ತೆರೆದಿರುತ್ತವೆ, ಮೇಲೆ ಬೆಳಕಿಗೆ ಅಂತ ಫೈಬರ್ ಶೀಟು ಬೇರೆ. ಹಿಂದಿನಿಂದ ಬಂದ ಬಿಸಿಲು ಹೆಲ್ಮೆಟ್ಟಿನೊಳಗೆ ನುಗ್ಗಿ ಗ್ಲಾಸಿನ ಒಳಮುಖಕ್ಕೆ ಬೀಳುತ್ತೆ. ಆಗ ನಿಮಗೆ ಕಾಣೋದು ಜಾಯಿಂಟ್ ಅಲ್ಲ, ನಿಮ್ಮ ಮೂಗು ಮತ್ತು ಅಂಗಿಯ ಕಾಲರ್. ಕೈಯಲ್ಲಿ ಸ್ಕ್ರೀನ್ ಹಿಡಿದಾಗ ಮುಖಕ್ಕೆ ಹತ್ತಿರ ಇರ್ತಿತ್ತು, ಈ ಕಾಟ ಅಷ್ಟಾಗಿ ಗೊತ್ತಾಗ್ತಿರಲಿಲ್ಲ. ಬೆಳಕಿಗೆ ಬೆನ್ನು ಮಾಡದೆ ಅಡ್ಡ ತಿರುಗಿ ಕೂತ್ಕೊಳ್ಳಿ. ಆಗದಿದ್ದರೆ ಹೆಲ್ಮೆಟ್ಟಿನ ಹಿಂಭಾಗಕ್ಕೆ ಒಂದು ಕಪ್ಪು ಬಟ್ಟೆ ಇಳಿಬಿಡಿ. ಪಾವಗಡ ಕಡೆ ಬಯಲಲ್ಲಿ ಕೆಲಸ ಮಾಡೋರಿಗೆ ಇದು ಬಿಟ್ಟರೆ ಬೇರೆ ದಾರಿ ಇಲ್ಲ.

ಈಗ ಸ್ವಲ್ಪ ಬೇಜಾರಿನ ವಿಷಯ. ಇಪ್ಪತ್ತು ವರ್ಷದ ಅನುಭವ ಅಂದ್ರಿ. ವಯಸ್ಸು ನಲವತ್ತು ದಾಟಿರಬೇಕು. ಮೊಬೈಲ್ ಓದೋವಾಗ ಕೈ ಚಾಚಿ ದೂರ ಹಿಡೀತೀರಾ? ಹಾಗಿದ್ರೆ ಹೆಲ್ಮೆಟ್ಟಿನದೇನೂ ತಪ್ಪಿಲ್ಲ. ಜಾಯಿಂಟ್ ಇರೋದು ಕಣ್ಣಿಂದ ಒಂದು, ಒಂದೂವರೆ ಅಡಿಯಲ್ಲಿ. ಹತ್ತಿರದ್ದು ಮಸುಕಾಗೋದೂ ಅಲ್ಲೇ. ಕಣ್ಣು ಪರೀಕ್ಷೆ ಮಾಡಿಸಿ, ಬಂದ ಪವರಿನ ಓದೋ ಕನ್ನಡಕ ಹಾಕ್ಕೊಂಡೇ ಮೇಲೆ ಹೆಲ್ಮೆಟ್ ಹಾಕಿ. ಇಲ್ಲವೇ ಹೆಲ್ಮೆಟ್ಟಿನ ಒಳಗೆ ಸಿಕ್ಕಿಸೋ ದೊಡ್ಡದು ಮಾಡಿ ತೋರಿಸೋ ಲೆನ್ಸ್ ಸಿಗುತ್ತೆ, 1.00, 1.50, 2.00 ಹೀಗೆ ಪವರ್ ಮೇಲೆ. ಒಳಗಡೆ ಅದನ್ನು ಸಿಕ್ಕಿಸೋ ಜಾಗ ಇದೆಯೋ ಇಲ್ಲವೋ ನೋಡಿಕೊಂಡು ತಗೊಳ್ಳಿ. ಕೆಳಗಡೆ ಅರ್ಧ ಮಾತ್ರ ಪವರ್ ಇರೋ ಕನ್ನಡಕ ಇದ್ದರೆ ತಲೆ ಎತ್ತಿ ಎತ್ತಿ ಕತ್ತು ನೋವು ಬರುತ್ತೆ, ಅದಕ್ಕಿಂತ ಈ ಲೆನ್ಸೇ ಮೇಲು.

ಇಷ್ಟೆಲ್ಲಾ ಮಾಡಿಯೂ ಕಾಣದಿದ್ದರೆ, ಆಗ ತುಮಕೂರಿನ ಬಿ.ಎಚ್. ರಸ್ತೆಗೆ ಬನ್ನಿ. ಅಂಗಡಿಯಲ್ಲಿ ಹೆಲ್ಮೆಟ್ಟಿನ ಮೇಲಿನ ಹದ್ದು, ಹುಲಿ, ಬೆಂಕಿ ಚಿತ್ರ ನೋಡಬೇಡಿ. ಕಪ್ಪು ಫಿಲ್ಟರಿನ ಚೌಕಟ್ಟಿನ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತೆ. ಹೀಗಿರುತ್ತೆ ಅಂತಿಟ್ಕೊಳ್ಳಿ: 4/9-13, ಆಮೇಲೆ ಕಂಪನಿಯ ಗುರುತು, ಆಮೇಲೆ 1/1/1/2/379. ಕೊನೆಯ 379 ಯುರೋಪಿನ ಹಳೇ ಮಾನದಂಡದ ನಂಬರ್, ಈಗ ಅದರ ಜಾಗಕ್ಕೆ 16321 ಅನ್ನೋದು ಬಂದಿದೆ. ಮೊದಲಿನ 4 ಅಂದ್ರೆ ಆರ್ಕ್ ಹತ್ತೋ ಮುಂಚೆ ಇರುವ ಕಪ್ಪು. 9-13 ಅಂದ್ರೆ ಹತ್ತಿದ ಮೇಲಿನದು. ಇಲ್ಲಿ ಒಂದು ಗುಟ್ಟಿದೆ. ಕೆಲವು ಹೆಲ್ಮೆಟ್ಟಿನಲ್ಲಿ ಮೊದಲನೇದು 4ರ ಬದಲು 3 ಇರುತ್ತೆ. ಆಗ ಆರ್ಕ್ ಹತ್ತೋ ಮುಂಚೆ 2.7 ಪಟ್ಟು ಜಾಸ್ತಿ ಬೆಳಕು ಸಿಗುತ್ತೆ, ರಾಡಿನ ತುದಿ ಎಲ್ಲಿಟ್ಟಿದೀರಿ ಅಂತ ಸ್ಪಷ್ಟವಾಗಿ ಕಾಣುತ್ತೆ. ಮಬ್ಬು ಶೆಡ್ಡಿನಲ್ಲಿ ಕೆಲಸ ಮಾಡೋರು 3 ಇರೋದೇ ಹುಡುಕಿ.

ನಡುವಿನ 1/1/1/2 ನಾಲ್ಕು ವಿಷಯಕ್ಕೆ ಕೊಟ್ಟ ಅಂಕ. ಶಾಲೆಯ ಹಾಗಲ್ಲ, ಇಲ್ಲಿ 1 ಅಂದ್ರೆ ಉತ್ತಮ, 3 ಅಂದ್ರೆ ಕಡೆ. ಮೊದಲನೇದು ಗೆರೆ ಸೊಟ್ಟ ಕಾಣದೆ ನೆಟ್ಟಗೆ ಕಾಣುತ್ತಾ ಅನ್ನೋದಕ್ಕೆ. ಎರಡನೇದು ಮಂಜು ಮಂಜಾಗಿ ಇದೆಯಾ ಅನ್ನೋದಕ್ಕೆ. ಮೂರನೇದು ಗ್ಲಾಸಿನ ತುಂಬಾ ಕಪ್ಪು ಒಂದೇ ಸಮ ಇದೆಯಾ ಅನ್ನೋದಕ್ಕೆ. ನಾಲ್ಕನೇದು ಓರೆಯಾಗಿ ನೋಡಿದಾಗ ಕಪ್ಪು ಬದಲಾಗುತ್ತಾ ಅನ್ನೋದಕ್ಕೆ. ನನ್ನ ಕೇಳಿದರೆ ಎರಡನೇದು ಎಲ್ಲಕ್ಕಿಂತ ಮುಖ್ಯ. ಅಲ್ಲಿ 3 ಇದ್ದರೆ ಎಷ್ಟೇ ಕಮ್ಮಿಗೆ ಕೊಟ್ಟರೂ ಬೇಡ. ನಾಲ್ಕನೇದು 2 ಇದ್ದರೆ ನಮ್ಮ ಗೇಟು ಗ್ರಿಲ್ಲಿನ ಕೆಲಸಕ್ಕೆ ನಡೆಯುತ್ತೆ, ಪೈಪ್ ಸುತ್ತ ಬಗ್ಗಿ ಬಗ್ಗಿ ಹೊಡೆಯೋರಿಗೆ ಮಾತ್ರ 1 ಬೇಕು. ಈ ಸಾಲೂ ಇಲ್ಲ, ಹೊಸ 16321ರ ಗುರುತೂ ಇಲ್ಲ ಅನ್ನೋ ಹೆಲ್ಮೆಟ್ ಇದ್ದರೆ ಅಲ್ಲೇ ಇಟ್ಟು ಬನ್ನಿ.

ಆಮೇಲೆ ಕಿಟಕಿಯ ಅಳತೆ. ಅಗ್ಗದವುಗಳಲ್ಲಿ ಸಾಮಾನ್ಯವಾಗಿ 92 × 42 ಮಿಲಿಮೀಟರ್ ಇರುತ್ತೆ. ನಿಮ್ಮ ಹಳೇ ಸ್ಕ್ರೀನಿನ ಗ್ಲಾಸ್ ಅದಕ್ಕಿಂತ ಎಷ್ಟೋ ದೊಡ್ಡದು. ಅದಕ್ಕೇ ಹೊಸದರಲ್ಲಿ ಬಾಗಿಲ ಸಂದಿಯಿಂದ ನೋಡಿದ ಹಾಗೆ ಅನ್ನಿಸಿರಬೇಕು. 100 × 60 ಇರೋದು ತಗೊಂಡರೆ ನೋಟದ ಜಾಗ ಒಂದೂವರೆ ಪಟ್ಟು ಸಿಗುತ್ತೆ. ತಲೆಪಟ್ಟಿಯ ಎರಡೂ ಬದಿಯಲ್ಲಿ ಹಿಂದೆ ಮುಂದೆ ಸರಿಸೋ ವ್ಯವಸ್ಥೆ ಇದ್ದರೆ ಇನ್ನೂ ಒಳ್ಳೇದು. ಹೆಲ್ಮೆಟ್ಟನ್ನು ಕಣ್ಣಿನ ಹತ್ತಿರ ಎಳಕೊಂಡಷ್ಟೂ ಕಿಟಕಿ ದೊಡ್ಡದಾದ ಹಾಗೆ.

ಬಣ್ಣದ ವಿಷಯ ಬಂದಾಗ ಅಂಗಡಿಯವರು "ಟ್ರೂ ಕಲರ್" ಅಂತಾರೆ. ಸುಮ್ನೆ ಮಾರೋಕೆ ಹೇಳ್ತಾರೆ ಅಂತ ನಾನೂ ಅಂದ್ಕೊಂಡಿದ್ದೆ. ಅಲ್ಲ. ಹಳೇ ನಮೂನೆಯ ಫಿಲ್ಟರಿನಲ್ಲಿ ಪ್ರಪಂಚವೆಲ್ಲ ಕೊತ್ತಂಬರಿ ಚಟ್ನಿ ಬಣ್ಣ. ಹೊಸದರಲ್ಲಿ ಹಸಿರು ಕಮ್ಮಿ, ಬೇರೆ ಬಣ್ಣಗಳೂ ಒಳಗೆ ಬರುತ್ತವೆ. ರಾಡ್ ವೆಲ್ಡಿಂಗಿನಲ್ಲಿ ಕರಗಿದ ಲೋಹ ಯಾವುದು, ಅದರ ಮೇಲೆ ತೇಲೋ ಸ್ಲ್ಯಾಗ್ (ಕಿಟ್ಟ) ಯಾವುದು ಅಂತ ಬೇರೆ ಮಾಡಿ ನೋಡೋದೇ ಅರ್ಧ ಕೆಲಸ. ಅದು ಇದರಲ್ಲಿ ಸುಲಭ. ಸ್ವಲ್ಪ ಜಾಸ್ತಿ ದುಡ್ಡು ಕೊಡೋದಾದರೆ ನಾನು ಇದಕ್ಕೇ ಕೊಡ್ತೀನಿ.

ಮುಂದೆ ಸಣ್ಣ ಕಣ್ಣಿನ ಹಾಗಿರೋ ಸೆನ್ಸರ್ ಎರಡಿದೆಯಾ ನಾಲ್ಕಿದೆಯಾ ಎಣಿಸಿ. ಗ್ರಿಲ್ಲಿನ ಮೂಲೆಯಲ್ಲಿ ಪಟ್ಟಿಯೋ ಕೈಯೋ ಅಡ್ಡ ಬಂದು ಎರಡೂ ಮುಚ್ಚಿಹೋದರೆ ಗ್ಲಾಸ್ ಕಪ್ಪಾಗೋದೇ ಇಲ್ಲ. ನಾಲ್ಕಿದ್ದರೆ ಆ ಭಯ ಕಮ್ಮಿ. ಕಪ್ಪಾಗೋ ವೇಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸೆಕೆಂಡಿನ 25,000ದಲ್ಲಿ ಒಂದು ಭಾಗ ಅಂತ ಪೆಟ್ಟಿಗೆ ಮೇಲೆ ಬರೆದಿರುತ್ತೆ, ಅಷ್ಟು ಸಾಕು. ಒಳಗಿರೋದು ಕ್ಯಾಲ್ಕುಲೇಟರ್ ಪರದೆಯಲ್ಲಿರೋ ಜಾತಿಯ ಎಲ್‌ಸಿಡಿಯೇ. ಸ್ವೀಡನ್ನಿನವರು 1981ರಲ್ಲೇ ಇದನ್ನು ಮಾರೋಕೆ ಶುರು ಮಾಡಿದ್ದರು. ಬ್ಯಾಟರಿ ಬಿಚ್ಚಿ ಬದಲಾಯಿಸೋಕೆ ಆಗುತ್ತಾ ಅಂತ ಮಾತ್ರ ಕೇಳಿ. ಸಿಆರ್2032 ಆದರೆ ಯಾವ ವಾಚ್ ಅಂಗಡಿಯಲ್ಲೂ ಸಿಗುತ್ತೆ.

ತಗೊಳ್ಳೋ ಮುಂಚೆ ಹೆಲ್ಮೆಟ್ ಕೈಯಲ್ಲಿ ಹಿಡಿದು ಅಂಗಡಿಯ ಹೊರಗೆ ಬನ್ನಿ. ಸೆನ್ಸಿಟಿವಿಟಿ (ಎಷ್ಟು ಬೆಳಕಿಗೆ ಕಪ್ಪಾಗಬೇಕು ಅನ್ನೋದು) ಪೂರ್ತಿ ಏರಿಸಿ ಸೆನ್ಸರುಗಳನ್ನು ಬಿಸಿಲಿಗೆ ತೋರಿಸಿ. ಕಪ್ಪಾಗಬೇಕು. ಕಪ್ಪಾದಾಗ ಚೌಕದ ನಾಲ್ಕೂ ಮೂಲೆ ಒಂದೇ ಸಮ ಇದೆಯಾ ನೋಡಿ. ಅದನ್ನಿಟ್ಟುಕೊಂಡು ನೇರವಾಗಿ ಸೂರ್ಯನನ್ನು ಮಾತ್ರ ನೋಡಬೇಡಿ. ಮೊಬೈಲ್ ಟಾರ್ಚ್ ಬಿಟ್ಟು "ಕಪ್ಪಾಗ್ತಿಲ್ಲ, ಡೂಪ್ಲಿಕೇಟ್" ಅಂತ ಜಗಳ ಆಡಬೇಡಿ. ಆ ಬೆಳಕಿಗೆ ಎಷ್ಟೋ ಒಳ್ಳೇ ಹೆಲ್ಮೆಟ್ಟುಗಳೂ ಜಗ್ಗಲ್ಲ.

ಗ್ರೈಂಡಿಂಗ್ ಅಂತ ಇನ್ನೊಂದು ಬಟನ್ ಇರುತ್ತೆ. ಅದನ್ನು ಒತ್ತಿದರೆ ಗ್ಲಾಸ್ ಕಪ್ಪಾಗಲ್ಲ. ಗ್ರೈಂಡರ್ ಹಿಡಿದಾಗ ಒಳ್ಳೇದೇ, ಆದರೆ ವಾಪಸ್ ತಿರುಗಿಸೋಕೆ ಮರೆತು ನಾನೇ ಒಂದು ಸಲ ರಾಡ್ ಹಚ್ಚಿದೀನಿ. ಕಣ್ಣ ಮುಂದೆ ಹತ್ತು ನಿಮಿಷ ಹಸಿರು ಚೆಂಡು ಕುಣೀತಿತ್ತು. ಅವತ್ತಿಂದ ಆ ಬಟನ್ನಿಗೆ ಕೆಂಪು ನೇಲ್ ಪಾಲಿಶ್ ಹಚ್ಚಿಟ್ಟಿದೀನಿ. ಮನೆಯವಳು ಇವತ್ತಿಗೂ ಅದರ ಬಗ್ಗೆ ಕೇಳ್ತಾಳೆ.

ಎರಡು ಸಣ್ಣ ಉಪಾಯ ಹೇಳಿಬಿಡ್ತೀನಿ. ಜಾಯಿಂಟಿನ ಪಕ್ಕ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೀರಿ, ಆರ್ಕ್ ಬೆಳಕಿಗೆ ಅದು ಬಿಳಿಯಾಗಿ ಎದ್ದು ಕಾಣುತ್ತೆ. ಎಲ್‌ಇಡಿ ಫ್ಲಡ್ ಲೈಟನ್ನು ಮೇಲೆ ತೂಗು ಹಾಕೋ ಬದಲು ಕೆಲಸದ ಪಕ್ಕ ಹತ್ತಿರಕ್ಕೆ ಇಳಿಸಿ.

ಹಳೇ ಸ್ಕ್ರೀನ್ ಗುಜರಿಗೆ ಹಾಕಬೇಡಿ ಅಣ್ಣ. ಕಪ್ಪು ಗ್ಲಾಸ್ 10 ಇಲ್ಲವೇ 11 ಹಾಕಿ, ಜಾಬ್ ಹಿಡಿಯೋ ಹುಡುಗನ ಕೈಗೆ ಕೊಡಿ. "ಕಣ್ಣು ಮುಚ್ಕೊಳೋ, ಆ ಕಡೆ ನೋಡೋ" ಅಂತ ಹೇಳಿ ಟ್ಯಾಕ್ (ಚುಕ್ಕೆ ವೆಲ್ಡ್) ಹೊಡೆಯೋದು ನಮ್ಮ ಎಲ್ಲಾ ಶೆಡ್ಡುಗಳ ಅಭ್ಯಾಸ. ನಾನು ಕೆಲಸ ಕಲಿಯೋಕೆ ಸೇರಿದ ಮೊದಲ ವರ್ಷ ಹಾಗೇ ಹಿಡಿದು ನಿಂತಿದ್ದೆ. ಸಂಜೆವರೆಗೂ ಏನೂ ಆಗಲಿಲ್ಲ. ರಾತ್ರಿ ಹನ್ನೊಂದಕ್ಕೆ ಕಣ್ಣಿಗೆ ಮರಳು ಸುರಿದ ಹಾಗಾಯ್ತು. ಆರ್ಕ್ ಹೊಡೆದರೆ ಹಾಗೇ, ಆರೇಳು ಗಂಟೆ ಬಿಟ್ಟು ತನ್ನ ಆಟ ತೋರಿಸುತ್ತೆ. ಅವ್ವ ಆಲೂಗಡ್ಡೆ ಹೆಚ್ಚಿ ಕಣ್ಣ ಮೇಲಿಟ್ಟಳು, ಪಕ್ಕದ ಮನೆಯವರು ಹಸುವಿನ ಹಾಲು ತಂದರು. ಬೆಳಿಗ್ಗೆ ಡಾಕ್ಟರ್ ನೋಡಿ ಮೊದಲು ಬೈದದ್ದು ಆ ಹಾಲಿಗೆ. ಎರಡು ದಿನ ಕಣ್ಣು ಬಿಡೋಕಾಗದೆ ಕತ್ತಲೆ ಕೋಣೆಯಲ್ಲಿ ಮಲಗಿದ್ದೆ. ನಿಮ್ಮ ಹುಡುಗನಿಗೆ ಆ ಸ್ಕ್ರೀನ್ ಕೊಡೋವಾಗ ಬಿಳಿ ಗ್ಲಾಸ್ ಒಂದು ಹೊಸದು ಹಾಕಿ ಕೊಡಿ, ಅವನಿಗೂ ಜಾಯಿಂಟ್ ಕಾಣಲಿ.