ಕೊಕ್ಕರೆ ಗೂಡು ಕಟ್ಟಿದರೆ ಜಮೀನು ಹೋಗುತ್ತದೆಯೇ?

ಪ್ರಶ್ನೆ: ಕೆರೆ ಏರಿಯ ಕೆಳಗೆ ನಮ್ಮದು ಒಂದೂವರೆ ಎಕರೆ ಇದೆ. ಬಸಿ ನೀರಿನಿಂದ ವರ್ಷವಿಡೀ ಜೌಗು. ಭತ್ತ ಹಾಕಿದರೆ ಹಾಕಿದ ಖರ್ಚೂ ಹುಟ್ಟುವುದಿಲ್ಲ, ಕೊಕ್ಕರೆಗಳು ಮಾತ್ರ ತಪ್ಪದೆ ಬರುತ್ತವೆ. ಹಕ್ಕಿಗಳಿಗೇ ಬಿಟ್ಟುಬಿಟ್ಟರೆ ಸರ್ಕಾರದಿಂದ ಏನಾದರೂ ಹಣ ಸಿಗುತ್ತದಾ ಸರ್? ಆಮೇಲೆ ಅರಣ್ಯ ಇಲಾಖೆಯವರು ಜಮೀನು ಬರೆಸಿಕೊಳ್ಳುವುದಿಲ್ಲ ತಾನೇ?

ಉತ್ತರ: ಹಣದ ಮಾತು ಮೊದಲು ಮುಗಿಸೋಣ. ಜೌಗನ್ನು ಜೌಗಾಗಿಯೇ ಉಳಿಸಿಕೊಂಡ ರೈತನಿಗೆ ಎಕರೆಗೆ ಇಷ್ಟು ಎಂದು ನೇರವಾಗಿ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿಲ್ಲ. ಜೌಗು ಪ್ರದೇಶಗಳಿಗೆಂದು ಕೇಂದ್ರ ಕೊಡುವ ಹಣಕ್ಕೆ ರಾಜ್ಯ ತನ್ನ ಪಾಲು ಸೇರಿಸುತ್ತದೆ. ಅದು ಕೆರೆಗಳಿಗೆ ಹೋಗುತ್ತದೆ, ಪಹಣಿದಾರನ ಖಾತೆಗಲ್ಲ. ನಿಮಗೆ ಕೈಗೆಟುಕುವುದು ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. ಇಲಾಖೆಯ ನರ್ಸರಿಯಿಂದ ರಿಯಾಯಿತಿ ದರದಲ್ಲಿ ಸಸಿ ತಂದು ಬದುವಿನಲ್ಲಿ ನೆಟ್ಟರೆ, ಬದುಕಿ ಉಳಿದ ಪ್ರತಿ ಗಿಡಕ್ಕೂ ಮೂರು ವರ್ಷ ಕಂತಿನಲ್ಲಿ ಪ್ರೋತ್ಸಾಹಧನ ಬರುತ್ತದೆ. ವಲಯ ಅರಣ್ಯ ಕಚೇರಿಯಲ್ಲಿ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಕೊಟ್ಟು ವಿಚಾರಿಸಿ. ಹೊಂಗೆ, ನೇರಳೆ, ಹುಣಸೆ ಕೇಳಿ. ಹಕ್ಕಿಗೆ ಬೇಕಾದ ಮರಗಳೇ ಅವು.

ಇನ್ನು ಎರಡನೇ ಪ್ರಶ್ನೆ. ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ, ಆದರೂ ಪ್ರತಿ ಚಳಿಗಾಲಕ್ಕೂ ಇದೇ ಮಾತು ಹಳ್ಳಿಯಿಂದ ಹಳ್ಳಿಗೆ ಹಬ್ಬುತ್ತದೆ. "ಕೊಕ್ಕರೆ ಕೂತರೆ ಫಾರೆಸ್ಟ್‌ನವರು ಬರ್ತಾರೆ, ಫಾರೆಸ್ಟ್‌ನವರು ಬಂದರೆ ಜಮೀನು ಹೋಯ್ತು." ಈ ಮಾತು ನಂಬಿ, ಹಕ್ಕಿ ಬರುವ ಮೊದಲೇ ಅಜ್ಜನ ಕಾಲದ ಹುಣಸೆಮರದ ಕೊಂಬೆಗಳನ್ನೆಲ್ಲ ಸವರಿ ಹಾಕಿದವರನ್ನು ಕಣ್ಣಾರೆ ಕಂಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಭಯ ಸುಮ್ಮನೆ ಹುಟ್ಟಿದ್ದಲ್ಲ, ಒಪ್ಪುತ್ತೇನೆ. ಮಲೆನಾಡಿನಲ್ಲಿ ಸೆಕ್ಷನ್ 4 (ಮೀಸಲು ಅರಣ್ಯ ಮಾಡುವ ಮೊದಲ ಅಧಿಸೂಚನೆ), ಡೀಮ್ಡ್ ಫಾರೆಸ್ಟ್ (ಅಧಿಸೂಚನೆ ಇಲ್ಲದಿದ್ದರೂ ಅರಣ್ಯವೆಂದೇ ಎಣಿಸುವ ಜಾಗ) ಎಂದು ಜನ ಕಚೇರಿ ಅಲೆದದ್ದು ಎಲ್ಲರಿಗೂ ಗೊತ್ತು. ಆದರೆ ಅದು ಅರಣ್ಯ ಕಾಯ್ದೆಯ ವಿಚಾರ, ಬಹುಪಾಲು ಸರ್ಕಾರಿ ಜಮೀನಿನ ತಕರಾರು. ನಿಮ್ಮ ಹಿಡುವಳಿಯಲ್ಲಿ ಹಕ್ಕಿ ಗೂಡು ಕಟ್ಟುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಗೂಡು ಕಟ್ಟಿದ ಮಾತ್ರಕ್ಕೆ ಪಹಣಿಯ 9ನೇ ಕಾಲಂನಲ್ಲಿರುವ ಒಡೆಯನ ಹೆಸರು ಬದಲಾಗಬೇಕು ಎನ್ನುವ ಕಾನೂನು ಈ ದೇಶದಲ್ಲಿಲ್ಲ.

ಜನ ಮೂರು ಹೆಸರುಗಳನ್ನು ಒಂದೇ ಎಂದುಕೊಂಡಿದ್ದಾರೆ. ಅಭಯಾರಣ್ಯ ಬೇರೆ, ಅದಕ್ಕೆ ಖಾಸಗಿ ಜಮೀನು ಸೇರಿಸಬೇಕಾದರೆ ಅಧಿಸೂಚನೆ, ಹಕ್ಕುಗಳ ವಿಚಾರಣೆ, ಪರಿಹಾರ ಎಲ್ಲ ಆಗಬೇಕು. ಸಂರಕ್ಷಣಾ ಮೀಸಲು ಬೇರೆ. ಅದನ್ನು ಸರ್ಕಾರಿ ಜಾಗದಲ್ಲಿ ಮಾತ್ರ ಘೋಷಿಸಬಹುದು. ಗದಗ ಜಿಲ್ಲೆಯ ಮಾಗಡಿ ಕೆರೆ, ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಈ ಬಗೆಯವು. ಎರಡಕ್ಕೂ 2024ರಲ್ಲಿ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ಮೂರನೆಯದು ಸಮುದಾಯ ಮೀಸಲು. 2002ರ ತಿದ್ದುಪಡಿಯಿಂದ ವನ್ಯಜೀವಿ ಕಾಯ್ದೆಗೆ ಸೇರಿದ್ದು. ಊರಿನವರೋ ಜಮೀನಿನ ಒಡೆಯನೋ ತಾವಾಗಿ ಮುಂದೆ ಬಂದರೆ ಮಾತ್ರ ಘೋಷಣೆ. ಒಡೆತನ ಒಡೆಯನದೇ. ಒಂದು ಕಟ್ಟುಪಾಡು ಉಂಟು, ಮುಚ್ಚಿಡುವುದಿಲ್ಲ: ಘೋಷಣೆಯಾದ ಮೇಲೆ ನಿರ್ವಹಣಾ ಸಮಿತಿಯ ಠರಾವು ಮತ್ತು ಸರ್ಕಾರದ ಒಪ್ಪಿಗೆ ಇಲ್ಲದೆ ಜಮೀನಿನ ಬಳಕೆ ಬದಲಿಸುವಂತಿಲ್ಲ. ಮುಂದೆ ಸೈಟ್ ಮಾಡುವ ಆಸೆಯಿದ್ದವರು ಇದನ್ನು ಮೊದಲೇ ಯೋಚಿಸಬೇಕು.

ಗದ್ದೆಯ ವಿಷಯದಲ್ಲಂತೂ ಕಾನೂನು ಬಾಯಿಬಿಟ್ಟು ಹೇಳಿದೆ. 2017ರ ಜೌಗು ಪ್ರದೇಶ ನಿಯಮಗಳು ಭತ್ತದ ಗದ್ದೆಯನ್ನೂ ನೀರಾವರಿಗೆಂದು ಕಟ್ಟಿದ ಕೆರೆಕಟ್ಟೆಯನ್ನೂ ಜೌಗು ಪ್ರದೇಶದ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಅಪರಾಧವಾಗುವುದು ಬೇರೊಂದು: ಮೊಟ್ಟೆ, ಗೂಡು ಹಾಳುಮಾಡುವುದು. ಅಂದರೆ ಜಮೀನು ಉಳಿಸಿಕೊಳ್ಳಲೆಂದು ಗೂಡಿದ್ದ ಕೊಂಬೆ ಕಡಿದವನೇ ಕೇಸಿಗೆ ಸಿಗುತ್ತಾನೆ.

ಇಷ್ಟಕ್ಕೂ ನಂಬಿಕೆ ಬಾರದಿದ್ದರೆ ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿ ಬನ್ನಿ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು (ಪೆಲಿಕನ್) ಅಲ್ಲಿ ಮನೆಯ ಹಿತ್ತಲಿನ ಹುಣಸೆಮರದಲ್ಲೇ ಸಂಸಾರ ಹೂಡುತ್ತವೆ. ಹುಣಸೆ ಬಡಿಯುವ ಕಾಲವೂ ಮರಿ ಬೆಳೆಯುವ ಕಾಲವೂ ಒಂದೇ ಆದ್ದರಿಂದ ಫಸಲು ಕೈತಪ್ಪುತ್ತದೆ. ಅದಕ್ಕಾಗಿ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುತ್ತಾ ಬಂದಿದೆ. ಮೊತ್ತ ಸಾಲದು, ಹುಣಸೆಹಣ್ಣಿನ ಬೆಲೆಯ ಜೊತೆ ಅದೂ ಏರಬೇಕು ಎಂದು ಗಟ್ಟಿಯಾಗಿ ಹೇಳುತ್ತೇನೆ. 2007ರಲ್ಲಿ ಆ ಊರು ಸಮುದಾಯ ಮೀಸಲಾಯಿತು. ಮನೆ ಮನೆಯವರದೇ ಆಗಿದೆ, ಮರ ಮರದವರದೇ ಆಗಿದೆ.

ಅಮೆರಿಕದಲ್ಲಿರುವ ಮಕ್ಕಳು ಅಲ್ಲಿನ ಯೋಜನೆಗಳ ಬಗ್ಗೆ ಹೇಳಿದ್ದನ್ನು ಕೆಲವರು ನನಗೆ ಕಳಿಸುತ್ತಾರೆ. 1990ರ ಕೃಷಿ ಮಸೂದೆಯಿಂದ ಅಲ್ಲಿನ ಸರ್ಕಾರ ಜೌಗು ಜಮೀನಿನ ಸಾಗುವಳಿ ಹಕ್ಕನ್ನಷ್ಟೇ ದುಡ್ಡು ಕೊಟ್ಟು ಪಡೆಯುತ್ತದೆ. ಜಮೀನು ರೈತನ ಹೆಸರಿನಲ್ಲೇ ಇರುತ್ತದೆ. ನಮ್ಮ ಒಂದೆರಡು ಎಕರೆಯ ಹಿಡುವಳಿಗೆ ಅದು ಒಗ್ಗದು. ನನಗೆ ಹಿಡಿಸಿದ್ದು ಕ್ಯಾಲಿಫೋರ್ನಿಯಾದಲ್ಲಿ 2014ರಲ್ಲಿ ಶುರುವಾದದ್ದು: ವಲಸೆ ಹಕ್ಕಿ ಬರುವ ಕೆಲವೇ ವಾರ ಭತ್ತದ ಗದ್ದೆಯಲ್ಲಿ ನೀರು ನಿಲ್ಲಿಸಿದ ರೈತನಿಗೆ ಹಣ. ನಮ್ಮ ಗದ್ದೆಗೂ ಇದು ಆಗಬಹುದು. ಆದರೆ ಕಾವೇರಿ ನಾಲೆಯಲ್ಲಿ ಕಟ್ಟು ಪದ್ಧತಿಯ (ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸುವ) ನೀರಿಗೆ ಕಾಯುವವರಿಗೆ ಹಣದ ಜೊತೆ ನೀರೂ ಸಿಗಬೇಕು.

ಕೃಷಿ ಹೊಂಡ ತೋಡಿಸಿದರೆ ಹಕ್ಕಿ ಬರುವುದಿಲ್ಲವೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಮುಂದಿನ ಹೆಜ್ಜೆ ಅದೇ ಆಗಿರುತ್ತದೆ. ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯ ಹೊಂಡ ಬೆಳೆಗೆ ನೀರು ಕೂಡಿಡಲು ಇರುವುದು. ಕಡಿದಾದ ದಡ, ಮೇಲೆ ಪಾಲಿಥೀನ್ ಹಾಳೆ; ಬಿದ್ದ ಕಪ್ಪೆಗೂ ಹತ್ತಿ ಬರಲಾಗದು. ಬಣ್ಣದ ಕೊಕ್ಕರೆ ನೀರಿನಲ್ಲಿ ನಿಂತು, ಅರೆತೆರೆದ ಕೊಕ್ಕನ್ನು ಅತ್ತಿತ್ತ ಆಡಿಸಿ, ತಾಗಿದ ಮೀನು ಹಿಡಿಯುವ ಹಕ್ಕಿ. ಅದಕ್ಕೆ ಬೇಕಾದ್ದು ತನ್ನ ಕಾಲು ಮುಳುಗುವಷ್ಟು ನೀರು, ಇಳಿಜಾರು ದಡ, ಕೆಸರು. ನಿಮ್ಮ ಒಂದೂವರೆ ಎಕರೆಯಲ್ಲಿ ಅದು ಈಗಾಗಲೇ ಇದೆ. ಅದನ್ನು ತೋಡಿಸಬೇಡಿ, ಮಣ್ಣು ಹೊಡೆಸಬೇಡಿ. ಬದುವಿನ ಮರಗಳಲ್ಲಿ ಹಕ್ಕಿ ಕೂರತೊಡಗಿದ ಮೇಲೆ ಕೊಕ್ಕರೆಬೆಳ್ಳೂರಿನವರಂತೆ ಮರದ ಬುಡದಲ್ಲಿ ಗುಂಡಿ ತೆಗೆದು ಕೆರೆಯ ಗೋಡುಮಣ್ಣು ತುಂಬಿ. ಮೇಲಿಂದ ಬಿದ್ದ ಹಿಕ್ಕೆ ಸೇರಿ ಮಳೆಗಾಲದ ಹೊತ್ತಿಗೆ ಹೊಲಕ್ಕೆ ಒಳ್ಳೆಯ ಗೊಬ್ಬರ.